ತೋಟಾ ತುಂಬುವ ಮೇಜು

ದಸರಾ ಮುಗಿದ ಮೇಲಿನ ವಾರ. ಚಳಿ ಇನ್ನೂ ಗಟ್ಟಿಯಾಗಿ ಕೂತಿರಲಿಲ್ಲ. ಸಾಯಂಕಾಲ ನಾಲ್ಕೂವರೆಯಾಗಿತ್ತು, ಟೋಕಿಯೋದಲ್ಲಿ ಆ ಕಾಲದಲ್ಲಿ ಅಷ್ಟು ಹೊತ್ತಿಗೇ ದೀಪ ಹಾಕಬೇಕು. ನಾನು ಒಲೆಯ ಮುಂದೆ ನಿಂತು ಕಾಫಿ ಸೋಸುತ್ತಿದ್ದೆ. ನಮ್ಮ ಯಜಮಾನರು ಕಿಟಕಿಯ ಪಕ್ಕ ಗೋಡೆಗೊರಗಿ ಕಾಲು ಚಾಚಿ ಕೂತಿದ್ದರು. ಮೈಸೂರಿನಲ್ಲಿ ಜಗಲಿಯ ಮೇಲೆ ಹೇಗೋ, ಸಮುದ್ರ ದಾಟಿ ಬಂದರೂ ಹಾಗೆಯೇ. ಅಷ್ಟರಲ್ಲಿ ಕೆಳಗಿನ ಮನೆಯಿಂದ ಹೊಗೆಯ ವಾಸನೆ ಬಂತು. ಅಡುಗೆಯ ಹೊಗೆಯಲ್ಲ. ಸುಟ್ಟ ಮೇಣದ ಹಾಗೆ, ಅದರ ಹಿಂದೆ ಕಾದ ಲೋಹದ ಹಾಗೆ.

ಅವರು ಮೂಗೆತ್ತಿದರು. "ಸೀಸ ಕರಗಿಸ್ತಾ ಇದಾರೆ," ಎಂದರು.

ನಾನು ಲೋಟ ಹಿಡಿದು ತಿರುಗುವಷ್ಟರಲ್ಲಿ ಮನುಷ್ಯ ಅಲ್ಲಿಲ್ಲ. ಮೊಣಕಾಲು ನೋವೆಂದು ಬಚ್ಚಲಿಗೂ ಗೋಡೆ ಹಿಡಿದು ಹೋಗುತ್ತಿದ್ದವರು ಬರಿಯ ಕಾಲುಚೀಲದಲ್ಲಿ ಹೊರಗಿನ ಕಬ್ಬಿಣದ ಮೆಟ್ಟಿಲಿಳಿದು ಹೋಗಿಬಿಟ್ಟಿದ್ದರು.

ಇದು ತೊಂಬತ್ತೊಂಬತ್ತನೇ ಇಸವಿಯ ಮಾತು. ಎರಡು ಸಾವಿರದ ಇಸವಿ ಹುಟ್ಟುವ ಗಳಿಗೆಗೆ ಕಂಪ್ಯೂಟರುಗಳೆಲ್ಲ ತಲೆ ಕೆಟ್ಟು ಕೂರುತ್ತವೆ ಎಂದು ಆಗ ಲೋಕಕ್ಕೆಲ್ಲ ಭಯ. ನಮ್ಮ ಅಳಿಯ ವಿವೇಕ್ ಆ ಭಯ ಬಿಡಿಸುವ ಕೆಲಸಕ್ಕೆ ಶಿನಾಗಾವಾದ ಆಫೀಸಿಗೆ ಹೋಗುತ್ತಿದ್ದರು. ಹೋದರೆ ಮನೆ ಅವರ ನೆನಪಿನಲ್ಲಿ ಇರುತ್ತಿರಲಿಲ್ಲ. ಮಗಳು ಯಾಮಿನಿಯೂ ಅದೇ ಕೆಲಸದವಳು, ದಿನ ತುಂಬುತ್ತ ಬಂದದ್ದರಿಂದ ರಜೆ ಹಾಕಿದ್ದಳು. ಬಾಣಂತನಕ್ಕೆಂದು ನಾನು ಮೂರು ತಿಂಗಳ ವೀಸಾದಲ್ಲಿ ಬಂದೆ. ಇವರನ್ನು ಮೈಸೂರಿನಲ್ಲಿ ಒಬ್ಬರನ್ನೇ ಬಿಟ್ಟು ಬರಲಾಗದೆ ಜೊತೆಗೆ ಕರೆತಂದೆ. ಎಡೋಗಾವಾದಲ್ಲಿ ರೈಲುಹಾದಿಯ ಪಕ್ಕ ಎರಡಂತಸ್ತಿನ ಹಳೆಯ ಕಟ್ಟಡ. ಮೇಲೆ ಮಗಳ ಮನೆ. ಕೆಳಗೆ ಮನೆಯ ಒಡತಿ, ಕಿಯೋ-ಸಾನ್ ಎಂಬ ವಿಧವೆ, ಒಬ್ಬಳೇ. ಸಾನ್ ಎಂದರೆ ಅಲ್ಲಿ ಹೆಸರಿಗೆ ಹಚ್ಚುವ ಮರ್ಯಾದೆ.

ನಮ್ಮ ಯಜಮಾನರ ಹೆಸರು ನಟರಾಜ. ಹುಡುಗನಾಗಿದ್ದಾಗಿನಿಂದ ಅವರು ಕೆಲಸ ಮಾಡಿದ್ದು ಮೈಸೂರಿನ ಒಂದು ಕೋವಿ ಅಂಗಡಿಯಲ್ಲಿ. ಶಿಕಾರಿಗೆ ಹೋಗುವವರು ಖಾಲಿ ತೋಟಾಗಳನ್ನು ತಂದು ಕೊಡುವರು, ಇವರು ಅವುಗಳ ತಳದಲ್ಲಿ ಕಿಡಿ ಹಾರಿಸುವ ಹೊಸ ಕೇಪು ಕೂರಿಸಿ, ಮದ್ದು ಹಾಕಿ, ಅದರ ಮೇಲೆ ಉಣ್ಣೆಯ ಬಿಲ್ಲೆ ಒತ್ತಿ, ಗುಂಡಿಟ್ಟು, ಬಾಯಿ ಮುಚ್ಚಿ ಕೊಡುವರು. ಒಂದು ಇಲಿಯನ್ನೂ ಹೊಡೆದವರಲ್ಲ. ತುಂಬುವುದಷ್ಟೇ. ಮದುವೆಯಾದ ಹೊಸತರಲ್ಲಿ ಅವರ ಬೆರಳಿಗೆ ಮದ್ದಿನ ವಾಸನೆ ಇರುತ್ತಿತ್ತು, ನನಗೆ ನೆನಪಿದೆ. ಆಮೇಲೆ ಕಾಡುಪ್ರಾಣಿಗಳ ಕಾನೂನು ಬಂತು, ಶಿಕಾರಿ ನಿಂತಿತು, ಅಂಗಡಿ ಮುಚ್ಚಿತು. ನಮ್ಮಣ್ಣನ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯಲ್ಲಿ ಇವರನ್ನು ಕೂರಿಸಿದೆವು. ಅಂದಿನಿಂದ ಮನೆಯಲ್ಲಿ ಅವರ ಬಾಯಿಂದ ಬರುತ್ತಿದ್ದದ್ದು ಬೇಕು, ಬೇಡ, ಸಾಕು. ಸ್ವಭಾವವೇ ಹಾಗೆ ಎಂದು ನಾನು ಒಪ್ಪಿಕೊಂಡು ಮುದುಕಿಯಾಗಿದ್ದೆ.

ಆ ಸಾಯಂಕಾಲ ಕಾಫಿ ಆರಿಹೋಯಿತು. ಇನ್ನೊಂದು ಲೋಟ ಮಾಡಿಕೊಂಡು ನಾನೇ ಕೆಳಗೆ ಹೋದೆ. ಕಿಯೋ-ಸಾನಳ ಹಿಂಬದಿಯ ಕೋಣೆಯ ಬಾಗಿಲು ತೆಗೆದಿತ್ತು. ಉದ್ದನೆಯ ಮರದ ಮೇಜು. ಒಂದು ತುದಿಯಲ್ಲಿ ಸಣ್ಣ ಒಲೆಯ ಮೇಲೆ ಸೀಸದ ಬಾಣಲೆ. ಆಕೆ ಸೌಟಿನಿಂದ ಸೀಸವನ್ನು ಅಚ್ಚಿಗೆ ಹೊಯ್ಯುತ್ತಿದ್ದಳು. ನಮ್ಮವರು ಎದುರಿಗೆ ಕೂತು ಅಚ್ಚು ಬಿಚ್ಚಿ ಗುಂಡನ್ನು ಬಟ್ಟೆಯ ಮೇಲೆ ಉರುಳಿಸುತ್ತಿದ್ದರು. ಒಬ್ಬರಿಗೊಬ್ಬರ ಭಾಷೆ ಬಾರದು. ಆದರೂ ಆಕೆ ಸೌಟೆತ್ತುವುದಕ್ಕೂ ಇವರು ಅಚ್ಚು ಮುಂದಿಡುವುದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ. ನಾನು ಬಾಗಿಲಲ್ಲಿ ನಿಂತದ್ದು ಇಬ್ಬರಿಗೂ ತಿಳಿಯಲಿಲ್ಲ. ನಾನು ಕೆಮ್ಮಿದೆ.

"ಹಾಂ, ಅಲ್ಲಿಡು," ಎಂದರು ನಮ್ಮವರು, ತಿರುಗದೆ.

ಮರುದಿನ ಯಾಮಿನಿ ಕೆಳಗೆ ಹೋಗಿ ಎಲ್ಲ ಕೇಳಿಕೊಂಡು ಬಂದಳು. ಅವಳಿಗೆ ಜಪಾನಿ ಮಾತು ಚೆನ್ನಾಗಿ ಬರುತ್ತಿತ್ತು. ಆ ಗುಂಡುಗಳು ಕಿಯೋ-ಸಾನಳ ಹಳೆಯ ಕೋವಿಯೊಂದಕ್ಕೆ. ಅದಕ್ಕೆ ಮುರಾತಾ ಎಂದು ಹೆಸರಂತೆ. ನೂರು ವರ್ಷಕ್ಕೂ ಹಿಂದೆ ಸಿಪಾಯಿಗಳಿಗೆಂದು ಮಾಡಿದ್ದು. ಸೈನ್ಯಕ್ಕೆ ಹೊಸ ಕೋವಿ ಬಂದಾಗ ಹಳೆಯದನ್ನೆಲ್ಲ ಬೇಟೆಗಾರರಿಗೆ ಮಾರಿಬಿಟ್ಟರು. ಅಕಿತಾ ಎಂಬ ಬಡಗಣ ಸೀಮೆಯ ಬೆಟ್ಟದಲ್ಲಿ ಕಿಯೋ-ಸಾನಳ ಗಂಡನ ಅಜ್ಜ ಒಂದನ್ನು ಕೊಂಡ. ಅದಕ್ಕೆ ಹೊಂದುವ ತೋಟಾ ಯಾವ ಅಂಗಡಿಯಲ್ಲೂ ಇಲ್ಲ. ಹಳೆಯ ಹಿತ್ತಾಳೆಯ ಕೊಳವೆಗಳನ್ನೇ ಮತ್ತೆ ಮತ್ತೆ ತುಂಬಿಕೊಳ್ಳಬೇಕು. ಗಂಡ ಸತ್ತಾಗ ಮನೆಯಲ್ಲಿ ಇನ್ಯಾರಿಗೂ ಲೈಸೆನ್ಸ್ ಇರಲಿಲ್ಲ; ಹಾಗೆ ಬಿಟ್ಟರೆ ಪೊಲೀಸಿನವರು ಕೋವಿಯನ್ನು ಕತ್ತರಿಸಿ ಹಾಕುತ್ತಾರೆ. ಅದಕ್ಕಾಗಿ ಈ ಹೆಂಗಸು ಅರವತ್ತರ ಹತ್ತಿರದ ವಯಸ್ಸಿನಲ್ಲಿ ಪರೀಕ್ಷೆಗೆ ಕೂತು ಲೈಸೆನ್ಸ್ ತೆಗೆದುಕೊಂಡಿದ್ದಳು.

ಅಲ್ಲಿನ ಕಾನೂನು ಬಲು ಬಿಗಿ. ಕೋವಿಯನ್ನು ಒಡೆಯನಲ್ಲದೆ ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಅದರ ಬೀರುವಿನ ಕೀಲಿ ಎಲ್ಲಿದೆ ಎಂದು ಮನೆಯವರಿಗೂ ಹೇಳುವ ಹಾಗಿಲ್ಲ. ಮದ್ದು, ಕೇಪು ಲೈಸೆನ್ಸ್ ಇದ್ದವರ ಕೈಯಲ್ಲೇ ಇರಬೇಕು. ತಪ್ಪಿದರೆ ಲೈಸೆನ್ಸ್ ಹೋಯಿತು. ಹಾಗಾಗಿ ಕಿಯೋ-ಸಾನ್ ಮೇಜಿಗೆ ಅಡ್ಡಲಾಗಿ ಒಂದು ಬಿಳಿಯ ಅಂಟುಪಟ್ಟಿ ಹಚ್ಚಿದಳು. ಪಟ್ಟಿಯ ಈಚೆ ಖಾಲಿ ತೋಟಾ, ಉಣ್ಣೆಯ ಬಿಲ್ಲೆ, ಸೀಸ. ಅದು ಯಾರು ಬೇಕಾದರೂ ಮಾಡುವ ಕೆಲಸ. ಪಟ್ಟಿಯ ಆಚೆ ಮದ್ದು, ಕೇಪು, ಅದು ಆಕೆಯೊಬ್ಬಳದು. ನಮ್ಮವರು ಈಚೆ ಕೂತು ಬಿಲ್ಲೆ ಕತ್ತರಿಸಿ, ಕೊಳವೆ ಒರೆಸಿ ಪಟ್ಟಿಯ ಅಂಚಿಗೆ ಸಾಲಾಗಿ ಇಡುವರು. ಆಕೆ ಎತ್ತಿಕೊಳ್ಳುವಳು. ಅವರು ಕೊಡುವುದು, ಆಕೆ ತಲೆ ಬಗ್ಗಿಸಿ ತೆಗೆದುಕೊಳ್ಳುವುದು. ನಮ್ಮ ಮನೆಯಲ್ಲಿ ಇಷ್ಟು ವರ್ಷ ನಾನು ಬಡಿಸಿದ ತಟ್ಟೆಗೆ ಇವರು ಒಮ್ಮೆ ತಲೆ ಬಗ್ಗಿಸಿದ್ದರೆ ಕೇಳಿ.

ಅವರು ದಿನಾ ಗಡ್ಡ ಹೆರೆಯತೊಡಗಿದರು. ಹಾಲಿಲ್ಲದ, ಸಕ್ಕರೆಯಿಲ್ಲದ ಹಸಿರು ಚಹಾ ಕುಡಿಯಲು ಕಲಿತರು. ನಾನು ಒಂದು ದಿನ ಮೆಂತ್ಯ ಕಷಾಯ ಕೊಟ್ಟರೆ ಕಹಿ ಎನ್ನುವ ಬಾಯಿ. ಮಧ್ಯಾಹ್ನ ಯಾಮಿನಿಯ ಕಾಲು ಒತ್ತುತ್ತ ಕೂತಿದ್ದರೆ ಹಲಗೆಯ ನೆಲದ ಕೆಳಗಿನಿಂದ ನಗು ಕೇಳುವುದು. ಮೊದಲ ದಿನ ಅದು ಯಾರ ನಗು ಎಂದು ನನಗೆ ಗೊತ್ತಾಗಲಿಲ್ಲ. ಹೊರಗಿನವರು ಯಾರೋ ಬಂದಿದ್ದಾರೆ ಎಂದುಕೊಂಡೆ.

ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. "ಏನೂಂದ್ರೆ, ಅಷ್ಟೊಂದು ನಗು ಏತಕ್ಕೆ?"

"ಏನಿಲ್ಲ ಕಣೇ. ಗುಂಡು ಮೇಜಿಂದ ಉರುಳ್ತು. ಆಕೆಯೂ ಹಿಡಿಯೋಕೆ ಬಗ್ಗಿದ್ಳು, ನಾನೂ ಬಗ್ಗಿದೆ. ತಲೆಗೆ ತಲೆ ಡಿಕ್ಕಿ."

"ಅದಕ್ಕೆ ನಗಬೇಕಾ?"

"ನೀನಿದ್ದಿದ್ರೆ ನಿಂಗೂ ನಗು ಬರ್ತಿತ್ತು."

"ನನ್ನನ್ನ ಕರೀಲಿಲ್ಲವಲ್ಲ."

ಅವರು ಸಾರು ಕಲಸಿಕೊಂಡರು. ಯಾಮಿನಿ ನನ್ನ ಮುಖ ನೋಡಿ, ಪಾತ್ರೆ ತೊಳೆಯುವಾಗ ಪಕ್ಕಕ್ಕೆ ಬಂದಳು. "ಅಮ್ಮ, ನೀನು ಜೆಲಸ್ ಆಗಿದೀಯ. ಅಪ್ಪಂಗೆ ವಯಸ್ಸೆಷ್ಟು? ಆ ಮೊಣಕಾಲು ಇಟ್ಕೊಂಡು ಎಲ್ಲಿಗೆ ಓಡಿಹೋಗ್ತಾರೆ ಬಿಡು."

"ಕೆಳಗಿನ ಮನೆಗೆ ಓಡೋಕೆ ಮೊಣಕಾಲು ಅಡ್ಡ ಬರಲಿಲ್ಲವಲ್ಲ," ಎಂದೆ.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಆ ಹೆಂಗಸು ಚೆಲುವೆಯಾಗಿದ್ದರೆ ಒಂದು ಥರ ಸಮಾಧಾನವಿರುತ್ತಿತ್ತು. ಕುಳ್ಳಿ, ನರೆತ ಕೂದಲನ್ನು ಗಂಡಸಿನ ಹಾಗೆ ಕತ್ತರಿಸಿಕೊಂಡವಳು, ಕೆನ್ನೆಯ ಮೇಲೆ ಬಿಸಿಲಿನ ಮಚ್ಚೆ. ನನ್ನಲ್ಲಿ ಇಲ್ಲದ್ದು ಆಕೆಯಲ್ಲಿ ಏನಿತ್ತು? ಒಂದು ಮೇಜಿತ್ತು. ನಾನು ಆಕೆಗೆ ಕರುಬುತ್ತಿದ್ದೆನೋ ಆ ಮೇಜಿಗೋ, ನನಗೇ ಬಗೆಹರಿಯುತ್ತಿರಲಿಲ್ಲ.

ಒಂದು ದಿನ ನಾನೂ ಹೋಗಿ ಕೂತೆ, ಯಾಮಿನಿಯನ್ನೂ ಕರೆದುಕೊಂಡು. ಕಿಯೋ-ಸಾನ್ ಟೊಮೇಟೊದ ಹಾಗೆ ಕಾಣುವ ಕಾಕಿಹಣ್ಣು ಹೆಚ್ಚಿ ಕೊಟ್ಟಳು. ಒಳ್ಳೆಯ ಹಣ್ಣು, ಅದನ್ನೂ ಹೇಳಬೇಕು. ತಮ್ಮೂರಿನಲ್ಲಿ ಹೆಂಗಸರು ಬೇಟೆಗೆ ಬೆಟ್ಟ ಹತ್ತುವಂತಿಲ್ಲ ಎಂದಳಂತೆ. ಬೆಟ್ಟದ ದೇವರು ಹೆಣ್ಣುದೇವರು, ರೂಪವಿಲ್ಲದವಳು, ಇನ್ನೊಬ್ಬ ಹೆಂಗಸನ್ನು ಕಂಡರೆ ಹೊಟ್ಟೆಕಿಚ್ಚು. ಅದಕ್ಕೇ ತಾನು ಅಕಿತಾದಲ್ಲಿ ಬೇಟೆಯಾಡುವುದಿಲ್ಲ, ಚಳಿಗಾಲದಲ್ಲಿ ಗಂಡನ ಗೆಳೆಯರ ಜೊತೆ ಟೋಕಿಯೋದ ಆಚೆಯ ಗುಡ್ಡಗಳಿಗೆ ಹಂದಿ ಬೇಟೆಗೆ ಹೋಗುತ್ತೇನೆ, ಅಲ್ಲಿನ ದೇವರಿಗೆ ಅಷ್ಟು ಸಿಟ್ಟಿಲ್ಲ, ಎಂದು ಹೇಳಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಯಾಮಿನಿ ನಕ್ಕಳು. ನಮ್ಮವರಿಗೆ ಏನೂ ತಿಳಿಯದೆ ಅವರೂ ನಕ್ಕರು. ನಾನು ಮನಸ್ಸಿನಲ್ಲೇ ಆ ದೇವರಿಗೆ ಒಂದು ನಮಸ್ಕಾರ ಹಾಕಿದೆ.

ಅಂದು ನಮ್ಮವರು ಒಂದಷ್ಟು ಹಿತ್ತಾಳೆ ಕೊಳವೆಗಳನ್ನು ಮೇಲೆ ತಂದರು. ಒಳಗೆ ಕರಿ ಹಿಡಿದಿತ್ತು, ಎಷ್ಟು ಒರೆಸಿದರೂ ಹೋಗುತ್ತಿಲ್ಲ ಎಂದು ಕೊರಗಿದರು. ಹಿತ್ತಾಳೆ ತಾನೇ, ಎಂದುಕೊಂಡೆ ನಾನು. ದೇವರ ಮನೆಯ ದೀಪ, ಗಂಟೆ, ತಂಬಿಗೆ ತೊಳೆದ ಕೈ ನನ್ನದು. ಒಂದು ಪಾತ್ರೆಯಲ್ಲಿ ಹುಣಸೆಹಣ್ಣು ಗಟ್ಟಿಯಾಗಿ ಕಿವುಚಿ ಉಪ್ಪು ಹಾಕಿ ಕೊಳವೆಗಳನ್ನು ಅದರಲ್ಲಿ ಮುಳುಗಿಸಿಟ್ಟೆ. ಸಂಜೆ ತೆಗೆಯಬೇಕೆಂದಿದ್ದವಳು, ಯಾಮಿನಿಗೆ ಸೊಂಟ ನೋವೆಂದು ಅದರ ಹಿಂದೆ ಬಿದ್ದು ಮರೆತೆ. ಬೆಳಗ್ಗೆ ನೋಡಿದರೆ ಕರಿ ಪೂರ್ತಿ ಹೋಗಿತ್ತು. ಮೈಯೆಲ್ಲ ತಾಮ್ರದ ಹಾಗೆ ಕೆಂಪಗೆ ತಿರುಗಿತ್ತು. ತಿಕ್ಕಿ ತೊಳೆದು ಒರೆಸಿ, ತಟ್ಟೆಯಲ್ಲಿ ಜೋಡಿಸಿಕೊಂಡು ನಾನೇ ಕೆಳಗೆ ತೆಗೆದುಕೊಂಡು ಹೋದೆ. ಆ ಮೇಜಿನ ಮೇಲೆ ನನ್ನ ಕೈಯ ಕೆಲಸವೂ ಒಂದು ಇರಲಿ ಎಂದು.

ಕಿಯೋ-ಸಾನ್ ಒಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಉಗುರಿನಿಂದ ಬಾಯಿಯ ಅಂಚನ್ನು ಒತ್ತಿ ನೋಡಿದಳು. ಇನ್ನೊಂದನ್ನು ಎತ್ತಿದಳು. ಆಮೇಲೆ ತಟ್ಟೆಯನ್ನು ಎರಡು ಕೈಯಲ್ಲಿ ತೆಗೆದುಕೊಂಡು, ನನಗೆ ಬಗ್ಗಿ, "ಅರಿಗಾತೋ," ಎಂದು ಉಪಕಾರ ಹೇಳಿ ಕಪಾಟಿನ ಕೆಳಗಿನ ಹಲಗೆಯ ಮೇಲೆ ಇಟ್ಟಳು. ಮತ್ತೆ ಅದನ್ನು ಮುಟ್ಟಲಿಲ್ಲ.

ನಮ್ಮವರು ಎದ್ದು ಹೋಗಿ ಒಂದನ್ನು ನೋಡಿದರು. ಅವರ ಮುಖ ಇಳಿಯಿತು. "ಹುಳಿಯಲ್ಲಿ ನೆನೆಹಾಕಿದ್ಯಾ?"

"ಹಿತ್ತಾಳೆಗೆ ಹುಳಿ ಹಾಕದೆ ಇನ್ನೇನು ಹಾಕ್ತಾರೆ?"

"ಹುಳಿ ತಿಂದುಬಿಡುತ್ತೆ ಕಣೇ. ಇದರೊಳಗೆ ಬೆಂಕಿ ಹೊತ್ತಬೇಕು, ತಂಬಿಗೆಯಲ್ಲ ಇದು. ಸೀಳಿದ್ರೆ ಆಕೆಯ ಕಣ್ಣೇ ಹೋಗುತ್ತೆ. ನಿಂಗ್ಯಾರು ಹೇಳಿದ್ರು ಇದನ್ನ ಮುಟ್ಟೋಕೆ?"

ಆಕೆಯ ಕಣ್ಣೇ ಹೋಗುತ್ತೆ. ಇಡೀ ಮಾತಿನಲ್ಲಿ ನನಗೆ ಕೇಳಿಸಿದ್ದು ಅದೊಂದೇ. ಕಿಯೋ-ಸಾನ್ ಕೈ ಆಡಿಸಿ ಬೇಡ, ಬೇಡ ಎನ್ನುತ್ತಿದ್ದಳು, ಅವರಿಗೆ ನನ್ನನ್ನು ಬೈಯಬೇಡಿ ಎಂದು. ಅದು ಬೈಗುಳಕ್ಕಿಂತ ಹೆಚ್ಚು ಉರಿಯಿತು. ನನ್ನ ಗಂಡನಿಂದ ನನ್ನನ್ನು ಕಾಪಾಡಲು ಈಕೆ ಯಾರು?

ಆ ಕೊಳವೆಗಳು ಈಗ ಎಲ್ಲೂ ತಯಾರಾಗುವುದಿಲ್ಲ. ಉಳಿದವು ಕೆಲವೇ. ಬೇಟೆಯ ಕಾಲ ಹತ್ತಿರ ಬಂದಿತ್ತು. ಹಾಗಾಗಿ ಕಿಯೋ-ಸಾನ್ ಗಂಡನ ಹಳೆಯ ಗೆಳೆಯ ಕುದೊ-ಸಾನ್ ಎಂಬವರಿಗೆ ಫೋನು ಮಾಡಿದಳು. ಅವರ ಮನೆಯಲ್ಲೂ ಒಂದು ಕಾಲಕ್ಕೆ ಮುರಾತಾ ಇತ್ತಂತೆ. ಕೋವಿ ಹೋಗಿ ಕೊಳವೆ ಉಳಿದಿದ್ದವು. ಆ ಭಾನುವಾರ ಅವರು ಒಂದು ಪುಟ್ಟ ಲಾರಿಯಂಥ ಗಾಡಿಯಲ್ಲಿ ಬಂದರು. ಎತ್ತರದ ಆಳು, ದಪ್ಪ ಹುಬ್ಬು, ಗಟ್ಟಿ ದನಿ. ಹೆಂಡತಿ ತೀರಿಕೊಂಡವರು. ನನ್ನ ಹುಣಸೆಹಣ್ಣು ಕರೆಸಿದ ಅತಿಥಿ.

ಕುದೊ-ಸಾನರಿಗೆ ಲೈಸೆನ್ಸ್ ಇತ್ತು. ಅವರು ನೇರವಾಗಿ ಪಟ್ಟಿಯ ಆಚೆ, ಕಿಯೋ-ಸಾನಳ ಪಕ್ಕಕ್ಕೆ ಹೋಗಿ ಕೂತರು. ಅಂದಿನಿಂದ ಆಗಾಗ ಬರತೊಡಗಿದರು. ಆಕೆ ಮದ್ದು ಅಳೆಯುವಳು, ಅವರು ಬಿಲ್ಲೆ ಒತ್ತುವರು. ಇಬ್ಬರೂ ಒಂದೇ ಊರಿನವರು, ಬಾಯಿತುಂಬ ಮಾತು. ನಮ್ಮವರು ಈಚೆ ಕೂತು ಬಿಲ್ಲೆ ಕತ್ತರಿಸುತ್ತ ಒಬ್ಬರ ಬಾಯಿ ಮುಗಿದ ಮೇಲೆ ಇನ್ನೊಬ್ಬರ ಬಾಯಿ ನೋಡುವರು. ಕುದೊ-ಸಾನ್ ಇವರ ಬೆನ್ನು ತಟ್ಟಿ ಏನೋ ಹೊಗಳುವರು, ಚಿಕ್ಕ ಹುಡುಗನಿಗೆ ಶಭಾಸ್ ಅನ್ನುವ ಹಾಗೆ. ಸಂಜೆ ಮೇಲೆ ಬಂದರೆ ನಮ್ಮವರು ನೇರ ಹೋಗಿ ಗೋಡೆಗೊರಗುವರು.

"ಇವತ್ತು ನಗು ಕೇಳಿಸಲಿಲ್ಲವಲ್ಲ," ಎಂದು ನಾನು ಚುಚ್ಚಿದೆ.

"ಅವನಿಗೆ ಬಿಲ್ಲೆ ಒತ್ತೋಕೆ ಬರೋಲ್ಲ," ಎಂದರು. "ಓರೆ ಕೂರಿಸ್ತಾನೆ. ಆಕೆ ಸುಮ್ನೆ ನೋಡ್ಕೊಂಡು ಕೂತಿರ್ತಾಳೆ."

ನನಗೆ ಆಗ ಅದು ಸಿಹಿಯಾಗಿತ್ತು. ಇರಲಿ, ಉರಿ ಹೇಗಿರುತ್ತದೆ ಎಂದು ಇವರಿಗೂ ಗೊತ್ತಾಗಲಿ.

ಡಿಸೆಂಬರಿನ ಮೊದಲಿಗೆ ಯಾಮಿನಿಗೆ ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯಿಂದ ಕರೆತಂದ ದಿನ ಆರತಿ ತಟ್ಟೆ ಹಿಡಿದು ನಾನೊಬ್ಬಳೇ ಬಾಗಿಲಲ್ಲಿ ನಿಂತಿದ್ದೆ. ವಿವೇಕ್ ಟ್ಯಾಕ್ಸಿಯಿಂದ ಸಾಮಾನು ಇಳಿಸುತ್ತ, "ಮಾವ ಎಲ್ಲಿ ಅತ್ತೆ?" ಎಂದು ಕೇಳಿದರು. ಎಲ್ಲಿ ಎಂದು ಹೇಳಲಿ. ಕರೆದು ಬರುತ್ತೇನೆಂದು ಕೆಳಗೆ ಹೋದೆ.

ಕುದೊ-ಸಾನ್ ಅಂದು ಬಂದಿರಲಿಲ್ಲ. ನಮ್ಮವರು ಮೇಜಿನ ಮುಂದೆ ಕೈಕಟ್ಟಿ ಕೂತಿದ್ದರು. ಅವರ ಮುಂದೆ ಕೆಲಸವಿರಲಿಲ್ಲ. ಕಿಯೋ-ಸಾನ್ ಮದ್ದಿನ ಬಟ್ಟಲ ಮೇಲೆ ಕೈಯಿಟ್ಟು ಬಹಳ ಹೊತ್ತು ಅವರನ್ನೇ ನೋಡಿದಳು. ಆಮೇಲೆ ಬಗ್ಗಿ, ಬಿಳಿಯ ಪಟ್ಟಿಯನ್ನು ಮೆಲ್ಲನೆ ಕಿತ್ತಳು. ಅದನ್ನು ತನ್ನ ಕಡೆಗೆ ಒಂದು ಮೊಳ ಸರಿಸಿ ಮತ್ತೆ ಅಂಟಿಸಿದಳು. ಮದ್ದಿನ ಬಟ್ಟಲು, ಬಿದಿರಿನ ಅಳತೆ ಚಮಚ, ಎರಡೂ ಈಗ ಪಟ್ಟಿಯ ಈಚೆ ಇದ್ದವು. ತಾನೂ ಎದ್ದು ಈಚೆ ಬಂದು ಕೂತಳು.

ನಮ್ಮವರು ಕೈ ಒರೆಸಿಕೊಂಡರು. ಚಮಚ ಎತ್ತಿ ಮದ್ದು ತುಂಬಿ, ಅಂಚನ್ನು ಸವರಿ, ಕೊಳವೆಯ ಬಾಯಿಗೆ ಬಗ್ಗಿಸಿದರು. ಒಂದು ಕಾಳೂ ಹೊರಗೆ ಬೀಳಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಅವರ ಕೈ ಮದ್ದು ಮುಟ್ಟಿದ್ದು ಅಂದೇ. ಅವರ ಕಣ್ಣಲ್ಲಿ ನೀರಿತ್ತು. ಆಕೆ ಅದನ್ನು ನೋಡದವಳ ಹಾಗೆ ಕಿಟಕಿಯ ಕಡೆ ಮುಖ ತಿರುಗಿಸಿದ್ದಳು.

ನಾನು ಕರೆಯದೆ ಮೇಲೆ ಬಂದೆ. ಆರತಿಯ ನೀರನ್ನು ಒಬ್ಬಳೇ ನಿವಾಳಿಸಿದೆ.

ಅದಾದ ಮೇಲೆ ನನ್ನ ಹತ್ತಿರ ಒಂದು ಅಸ್ತ್ರವಿತ್ತು. ಮಗುವಿಗೆ ಎಣ್ಣೆ ನೀರು, ಬಾಣಂತಿಗೆ ಕಾಯದ ಲೇಹ್ಯ, ಮೆಣಸಿನ ಸಾರು, ಸಾಂಬ್ರಾಣಿ ಹೊಗೆ, ಎಲ್ಲದರ ನಡುವೆ ಅದನ್ನು ಒಳಗೊಳಗೇ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಯಾರಿಗೂ ಹೇಳಲಿಲ್ಲ.

ಡಿಸೆಂಬರ್ ಮುಗಿಯುವ ಮೊದಲು ಒಂದು ಮಧ್ಯಾಹ್ನ ಪೊಲೀಸಿನವನು ಬಂದ. ಕೆಲವು ವರ್ಷಕ್ಕೊಮ್ಮೆ ಲೈಸೆನ್ಸ್ ಹೊಸದು ಮಾಡಿಸಬೇಕು, ಆಗ ನೆರೆಯವರನ್ನು ವಿಚಾರಿಸುತ್ತಾರೆ ಎಂದು ಯಾಮಿನಿ ಹೇಳಿದಳು. ಎಳೆಯ ವಯಸ್ಸು, ಬೂಟು ಬಿಚ್ಚಿ ಚಾಪೆಯ ಅಂಚಿನಲ್ಲಿ ಮಂಡಿಯೂರಿ ಕೂತ. ಕಿಯೋ-ಸಾನ್ ಕುಡಿಯುತ್ತಾಳೆಯೇ, ಜಗಳವಾಡುತ್ತಾಳೆಯೇ, ಸಿಟ್ಟು ಹೆಚ್ಚೇ, ಎಂದೆಲ್ಲ ಯಾಮಿನಿಯನ್ನು ಕೇಳಿದ. ಅವಳು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಇಲ್ಲ, ಇಲ್ಲ ಎಂದಳು. ಆಮೇಲೆ ಅವನು ನನ್ನ ಕಡೆ ತಿರುಗಿದ.

"ಅಮ್ಮ," ಎಂದಳು ಯಾಮಿನಿ, "ಲೈಸೆನ್ಸ್ ಇಲ್ಲದವರು ಯಾರಾದ್ರೂ ಮದ್ದು ಮುಟ್ಟಿದ್ದು ನೋಡಿದೀರಾ ಅಂತ ಕೇಳ್ತಿದಾರೆ. ನೀನೇನಾದ್ರೂ ನೋಡಿದ್ಯಾ?"

ನಾನು ಮಗುವಿನ ಕಾಲು ಸರಿಮಾಡಿದೆ. ಹೌದು ಎಂಬ ಒಂದು ಮಾತು ಸಾಕಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಕೋವಿ ಹೋಗುತ್ತಿತ್ತು, ಮೇಜು ಹೋಗುತ್ತಿತ್ತು. ಇವರು ಮತ್ತೆ ಮೇಲೆ ಬಂದು ಗೋಡೆಗೊರಗುತ್ತಿದ್ದರು. ಆದರೆ ಹೇಳಿದವಳು ನಾನು ಎಂದು ಅವರಿಗೆ ಗೊತ್ತಾದರೆ, ಗೋಡೆಗೊರಗಿ ಕೂತರೂ ಅವರ ಬೆನ್ನು ನನ್ನ ಕಡೆಗೇ ಇರುತ್ತದೆ, ಸಾಯುವ ತನಕ. ಕರುಬುವವರಿಗೆ ಲೆಕ್ಕ ತಪ್ಪುವುದಿಲ್ಲ.

"ಇಲ್ಲ," ಎಂದೆ. "ಆಕೆ ಒಳ್ಳೇ ಹೆಂಗಸು ಅಂತ ಹೇಳು."

ಅವನು ಬಗ್ಗಿ ಎದ್ದ. ಕೆಳಗೆ ಹೋಗಿ ಬೀರು, ಮದ್ದಿನ ಪೆಟ್ಟಿಗೆ ನೋಡಿಕೊಂಡು ಹೋದರೆ ಅವನ ಕೆಲಸ ಮುಗಿಯುತ್ತಿತ್ತು. ಮನೆಗೆ ಬಂದವನು ಬರಿಬಾಯಲ್ಲಿ ಹೋಗುವುದೇ ಎಂದು ನಾನು ಕಾಫಿ ಮಾಡಿ ತಟ್ಟೆಯಲ್ಲಿಟ್ಟುಕೊಂಡು ಅವನ ಹಿಂದೆಯೇ ಇಳಿದೆ. ಅಲ್ಲಿ ಕಿಯೋ-ಸಾನ್, ಕುದೊ-ಸಾನ್ ಎದ್ದು ನಿಂತಿದ್ದರು. ನಮ್ಮವರೂ ನಿಂತಿದ್ದರು. ಪಟ್ಟಿ ತನ್ನ ಹಳೆಯ ಜಾಗದಲ್ಲಿತ್ತು. ಎಲ್ಲ ಸರಿಯಾಗಿತ್ತು. ಪೊಲೀಸಿನವನು ತುಂಬಿಟ್ಟ ತೋಟಾ ಒಂದನ್ನು ನೋಡಿ ಮೆಚ್ಚಿಕೊಂಡ. ಅವನು ತಲೆ ತೂಗಿದ್ದರಲ್ಲೇ ಅದು ಗೊತ್ತಾಗುತ್ತಿತ್ತು. ಏನೋ ಕೇಳಿದ. ಕಿಯೋ-ಸಾನ್ ಕೈ ಚಾಚಿ, "ಕುದೊ-ಸಾನ್," ಎಂದಳು. ಕುದೊ-ಸಾನ್ ನಗುತ್ತ ತಲೆಯ ಹಿಂಬದಿ ಕೆರೆದುಕೊಂಡು ಬಗ್ಗಿದರು. ಇಷ್ಟು ಚೆಂದದ ಕೆಲಸಕ್ಕೆ ಯಾರು ನೆರವಾದರು ಎಂದು ಅವನು ಕೇಳಿದ್ದು. ಭಾಷೆ ಬಾರದ ನನಗೂ ಅರ್ಥವಾಯಿತು.

ನಮ್ಮವರಿಗೂ ಅರ್ಥವಾಯಿತು.

ಅವರ ಮುಖ ನೋಡಿದೆ. ಹುಬ್ಬು ಗಂಟಿಕ್ಕಿತ್ತು, ಕೆಳದುಟಿ ಒಳಕ್ಕೆ ಹೋಗಿತ್ತು. ಎರಡು ತಿಂಗಳಿಂದ ಆ ಮುಖವನ್ನು ನಾನು ಸ್ನಾನದ ಮನೆಯ ಕನ್ನಡಿಯಲ್ಲಿ ದಿನಾ ನೋಡುತ್ತಿದ್ದೆ. ಅದು ನನ್ನದೇ ಮುಖ. ನನ್ನ ಸಲುವಾಗಿ ಒಂದು ದಿನವೂ ಯಾರ ಮೇಲೂ ಹೊಟ್ಟೆಕಿಚ್ಚು ಪಡದ ಮನುಷ್ಯ. ನಾನು ಹರೆಯದಲ್ಲಿದ್ದಾಗ ಬೀದಿಯ ಗಂಡಸರು ತಿರುಗಿ ನೋಡಿದರೂ ಬೀಡಿ ಕಟ್ಟು ಬಿಚ್ಚುತ್ತ ನಡೆದವರು.

"ನೋ, ನೋ," ಎಂದರು. "ಕುದೊ ನೋ. ಮೀ." ಎದೆ ಬಡಿದುಕೊಂಡರು.

"ರೀ, ಸುಮ್ನಿರಿ," ಎಂದೆ ನಾನು. ತಟ್ಟೆ ಕೈಯಲ್ಲಿತ್ತು. ಇಲ್ಲದಿದ್ದರೆ ಅವರ ತೋಳು ಹಿಡಿಯುತ್ತಿದ್ದೆ.

ಅವರು ಪಟ್ಟಿ ದಾಟಿದರು. ಬಿದಿರಿನ ಚಮಚ ಎತ್ತಿಕೊಂಡರು. ಅಂದು ಮಾಡಿದ ಹಾಗೆ ಮದ್ದು ತುಂಬಿ, ಅಂಚು ಸವರಿ, ಖಾಲಿ ಕೊಳವೆಯೊಂದಕ್ಕೆ ಬಗ್ಗಿಸಿ, ಬಿಲ್ಲೆ ನೆಟ್ಟಗೆ ಕೂರಿಸಿ ಒತ್ತಿ ಪೊಲೀಸಿನವನ ಮುಂದೆ ಹಿಡಿದರು. ಮೊದಲ ಸಲ ಮಾಡುವ ಕೈಯಲ್ಲ ಅದು ಎಂದು ಯಾರಿಗಾದರೂ ತಿಳಿಯುತ್ತಿತ್ತು. ಕುದೊ-ಸಾನರ ಕಡೆ ಒಮ್ಮೆ ನೋಡಿದರು, ಗೆದ್ದವರ ಹಾಗೆ.

ಮೇಲೆ ಮಗು ಅಳುವುದು ಕೇಳಿಸಿತು. ಪೊಲೀಸಿನವನು ಮೆಲ್ಲನೆ ಕಿಯೋ-ಸಾನಳನ್ನು ಏನೋ ಕೇಳಿದ. ಕುದೊ-ಸಾನ್ ನಡುವೆ ಬಾಯಿ ಹಾಕಿದರು. ಆಕೆ ಅವರನ್ನು ಕೈಯಿಂದ ತಡೆದಳು. ಪೊಲೀಸಿನವನಿಗೆ ಬಗ್ಗಿ, "ಹಾಯ್," ಎಂದಳು. ಅವರ ಭಾಷೆಯಲ್ಲಿ ಹೌದು ಎಂದು.

ಆಗಲೂ ನಮ್ಮವರಿಗೆ ತಾವೇನು ಮಾಡಿದೆವೆಂದು ಹೊಳೆದಿರಲಿಲ್ಲ. ಯಾಮಿನಿ ಹಾಸಿಗೆಯ ಮೇಲಿಂದಲೇ ಬಿಡಿಸಿ ಹೇಳಿದಾಗ ತಿಳಿಯಿತು. "ಅಪ್ಪ, ಆಂಟಿಯ ಲೈಸೆನ್ಸ್ ಹೋಯ್ತು," ಎಂದಳು. ಅವರು ಗೋಡೆಗೊರಗಿ ಕೂತರು. ರಾತ್ರಿ ಊಟ ಬೇಡವೆಂದರು.

ಅವರು ಮೇಲೆಯೇ ಇರತೊಡಗಿದರು. ನಾನು ಬಯಸಿದ್ದು ಅದೇ ಅಲ್ಲವೇ. ಬೆಳಗಿನಿಂದ ಸಂಜೆಯವರೆಗೆ ನನ್ನ ಕಣ್ಣೆದುರಿಗೆ, ಎರಡು ಮಾರು ದೂರದಲ್ಲಿ. ಬೇಕು, ಬೇಡ, ಸಾಕು. ಹೊಸ ವರ್ಷ ಹುಟ್ಟಿತು, ಯಾವ ಕಂಪ್ಯೂಟರೂ ಕೆಡಲಿಲ್ಲ, ವಿವೇಕ್ ಮನೆಗೆ ಬಂದು ಎರಡು ದಿನ ಸತ್ತವರ ಹಾಗೆ ಮಲಗಿದರು. ಮಗುವನ್ನು ತೊಡೆಯ ಮೇಲೆ ಕೊಟ್ಟರೆ ಅಜ್ಜ ಹಿಡಿದುಕೊಳ್ಳುವರು. ಆದರೆ ಅವರ ಕಿವಿ ನೆಲದ ಹಲಗೆಗಳ ಮೇಲಿರುತ್ತಿತ್ತು. ಕೆಳಗೆ ಕುದೊ-ಸಾನರ ದನಿ ಕೇಳಿದರೆ ಕೈ ಬಿಗಿಯುವುದು, ಮಗು ಮುಲುಗುವುದು. ಆ ಕೈಯನ್ನು ನೋಡಿ ನನ್ನ ಹೊಟ್ಟೆಯಲ್ಲಿ ಮತ್ತೆ ಅದೇ ಕಿಚ್ಚು. ಮೇಜಿಲ್ಲ, ಕೋವಿಯಿಲ್ಲ, ಆದರೂ ಅವರು ಕೆಳಗೇ ಇದ್ದರು.

ಹೊಸ ವರ್ಷಕ್ಕೆ ಮಾಡುವ ಮೋಚಿ ಎಂಬ ಅಕ್ಕಿಯ ಉಂಡೆ ತೆಗೆದುಕೊಂಡು ಕಿಯೋ-ಸಾನ್ ಒಂದು ದಿನ ಮೇಲೆ ಬಂದಳು. ಯಾಮಿನಿಯ ಹತ್ತಿರ ಮಾತಾಡಿದಳು. ಕೋವಿಯನ್ನು ಕತ್ತರಿಸುವ ಮೊದಲು ಲೈಸೆನ್ಸ್ ಇದ್ದವರಿಗೆ ಬರೆದುಕೊಡಲು ಅವಕಾಶವಿದೆಯಂತೆ, ಕುದೊ-ಸಾನರ ಹೆಸರಿಗೆ ಮಾಡಿಸುತ್ತಿದ್ದಾಳಂತೆ. ಟೋಕಿಯೋದಲ್ಲಿ ತನಗೆ ಇನ್ನೇನು ಕೆಲಸ, ತಾನೂ ಅಕಿತಾಕ್ಕೆ ಹಿಂತಿರುಗುತ್ತೇನೆ, ಬಾಡಿಗೆ ನೋಡಿಕೊಳ್ಳಲು ಒಬ್ಬರನ್ನು ಇಟ್ಟಿದ್ದೇನೆ ಎಂದಳಂತೆ. ಆಮೇಲೆ ನಮ್ಮವರ ಕಡೆ ತಿರುಗಿ, ನೆಲಕ್ಕೆ ಹಣೆ ತಾಗುವ ಹಾಗೆ ಬಗ್ಗಿ ಒಂದು ಮಾತು ಹೇಳಿದಳು.

"ಪಟ್ಟಿ ಸರಿಸಿದ್ದು ತಾನು, ತಪ್ಪು ತನ್ನದು ಅಂತಿದಾರೆ ಅಪ್ಪ," ಎಂದಳು ಯಾಮಿನಿ. "ನಿಮ್ಮ ಮೇಲೆ ಸಿಟ್ಟಿಲ್ವಂತೆ."

ನಮ್ಮವರು ಮುಂದಿದ್ದ ಮೋಚಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ಇನ್ಮೇಲೆ ತುಂಬೋರು ಯಾರು ಕೇಳು," ಎಂದರು.

"ಕುದೊ-ಸಾನ್ ತಾವೇ ತುಂಬ್ಕೋತಾರಂತೆ."

"ಓರೆ ಕೂರಿಸ್ತಾನೆ," ಎಂದರು. ಯಾಮಿನಿ ಅದನ್ನು ಆಕೆಗೆ ಹೇಳಲಿಲ್ಲ.

ಗಾಡಿ ಬಂದ ಬೆಳಗ್ಗೆ ಹಿಂದಿನ ದಿನದ ಮಳೆಗೆ ರಸ್ತೆ ಒದ್ದೆಯಾಗಿತ್ತು. ನಾನು ಕಿಟಕಿಯಿಂದ ನೋಡಿದೆ. ಕುದೊ-ಸಾನ್ ಉದ್ದನೆಯ ಚೀಲವನ್ನು ತಾವೇ ಎತ್ತಿ ತಂದು ಸೀಟಿನ ಹಿಂದೆ ಇಟ್ಟರು. ಅದನ್ನು ಮುಟ್ಟಬಹುದಾದವರು ಈಗ ಅವರೊಬ್ಬರೇ. ಕಿಯೋ-ಸಾನ್ ದೂರದಲ್ಲಿ ಎರಡೂ ಕೈಯನ್ನು ಹೊಟ್ಟೆಯ ಮೇಲೆ ಕಟ್ಟಿಕೊಂಡು ನಿಂತಿದ್ದಳು. ಈಗ ಆಕೆಗೂ ಒಂದು ಪಟ್ಟಿಯಿತ್ತು. ಆಕೆ ಅದರ ಈಚೆ ಇದ್ದಳು.

"ಹೋಗಿ ಬನ್ನಿ ಕೆಳಗೆ," ಎಂದೆ ನಾನು ಇವರಿಗೆ. "ಹೊರಟಿದಾರೆ."

"ಅವನಿದಾನೆ," ಎಂದರು.

ನಾನು ಶಾಲು ಹೊದ್ದು ಒಬ್ಬಳೇ ಇಳಿದೆ. ಅವರ ಭಾಷೆಯಲ್ಲಿ ನನಗೆ ಬರುತ್ತಿದ್ದ ಒಂದೇ ಮಾತನ್ನು ಹೇಳಿದೆ. "ಸುಮಿಮಾಸೆನ್." ಕ್ಷಮಿಸಿ ಎಂದು. ಆಕೆ ನನ್ನ ಕೈಗಳನ್ನು ಹಿಡಿದುಕೊಂಡಳು. ಒರಟು ಕೈ, ಬೆಚ್ಚಗಿತ್ತು. ನನ್ನ ಭುಜದ ಮೇಲಿಂದ ಆಕೆಯ ಕಣ್ಣು ಮೇಲಿನ ಕಿಟಕಿಗೆ ಹೋಯಿತು. ನಾನು ತಿರುಗಿ ನೋಡಲಿಲ್ಲ. ಅಲ್ಲಿ ಯಾರು ನಿಂತಿದ್ದಾರೆಂದು ಆಕೆಯ ಮುಖದಲ್ಲೇ ಕಾಣುತ್ತಿತ್ತು. ಆ ಗಳಿಗೆಯಲ್ಲೂ, ಆಕೆಯ ಕೈ ನನ್ನ ಕೈಯಲ್ಲಿರುವಾಗಲೂ, ನಾನು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಕಿಟಕಿಗೆ ಅಡ್ಡವಾಗಿ ನಿಂತೆ.

ಕಿಯೋ-ಸಾನ್ ಕುದೊ-ಸಾನರ ಗಾಡಿಯಲ್ಲಿ ಅಕಿತಾಕ್ಕೆ ಹೊರಟದ್ದು ಸಂಕ್ರಾಂತಿಯ ದಿನ, ಶನಿವಾರ. ನಾವಿಬ್ಬರೂ ಸೋಮವಾರ ಹೊರಟೆವು.